ಫೇಲಾದ ಮಕ್ಕಳ ಪಟ್ಟಿ ಮೊದಲು ನಮ್ಮ ಕೈಗೆ ಕೊಡಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಕ್ಕಳ ಜೊತೆ ನಿಲ್ಲಲು ಶಾಲೆಗಳಿಗೆ ದಾರಿ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ನಾನು ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕಿ. ಹತ್ತನೇ ತರಗತಿಯ ಕ್ಲಾಸ್ ಟೀಚರ್ ಕೂಡ ಹೌದು. ವರ್ಷದಲ್ಲಿ ಒಂದೇ ಒಂದು ದಿನದ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ. ಅದು ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ.

2025ರಲ್ಲಿ ಆ ದಿನ ಮೇ 2, ಶುಕ್ರವಾರ ಬಂತು. ಪರೀಕ್ಷೆ-1 (ವರ್ಷದ ಮೊದಲ ಪರೀಕ್ಷೆ; ಫೇಲಾದವರು ಅದೇ ವರ್ಷ ಮತ್ತೆ ಬರೆಯಬಹುದು) ಬರೆದವರು 8,42,173 ಮಂದಿ. ಪಾಸಾದವರು 5,24,984. ಅಂದರೆ ಮೂರು ಲಕ್ಷಕ್ಕೂ ಜಾಸ್ತಿ ಮಕ್ಕಳು ಆ ಮಧ್ಯಾಹ್ನ ತಾವು ಫೇಲ್ ಅಂತ ತಿಳಿದುಕೊಂಡರು. ದಕ್ಷಿಣ ಕನ್ನಡದಲ್ಲಿ ಶೇಕಡಾ 91.12 ಫಲಿತಾಂಶ ಬಂತು. ನಮ್ಮ ಕಲಬುರಗಿಯಲ್ಲಿ ಶೇಕಡಾ 42.43. ನಮ್ಮಲ್ಲಿ ಪಾಸಾದವರಿಗಿಂತ ಫೇಲಾದವರೇ ಹೆಚ್ಚು. ಈ ಅಂಕಿಗಳನ್ನು ನೀವೇ ಪ್ರಕಟಿಸಿದ್ದೀರಿ, ನಿಮಗೆ ಗೊತ್ತಿರುವುದೇ. ಆ ಮಧ್ಯಾಹ್ನ ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆ ಎನ್ನುವುದು ಮಾತ್ರ ಯಾವ ವರದಿಯಲ್ಲೂ ಬರುವುದಿಲ್ಲ.

ಮಕ್ಕಳ ಜೀವನದಲ್ಲಿ ಬರುವ ಕಷ್ಟಗಳು ಸಾಮಾನ್ಯವಾಗಿ ಹೇಳಿ ಕೇಳಿ ಬರುವುದಿಲ್ಲ. ಅಪ್ಪ ತೀರಿಕೊಂಡದ್ದು, ಮನೆ ಬಿದ್ದದ್ದು, ಯಾರೋ ಕೆಟ್ಟದಾಗಿ ನಡೆದುಕೊಂಡದ್ದು ನಮಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಆದರೆ ಈ ಒಂದು ಕಷ್ಟದ ದಿನಾಂಕ ಮೊದಲೇ ಗೊತ್ತು. ಯಾವ ಊರಿನ, ಯಾವ ಶಾಲೆಯ, ಯಾವ ಮಗುವಿಗೆ ಬರುತ್ತದೆ ಅನ್ನುವುದೂ ಗೊತ್ತು. ಮಗುವಿಗೆ ತಿಳಿಯುವ ಮೊದಲೇ ಆ ಪಟ್ಟಿ ಪರೀಕ್ಷಾ ಮಂಡಳಿಯ ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತದೆ. ಇಷ್ಟೆಲ್ಲ ಮೊದಲೇ ಗೊತ್ತಿದ್ದೂ ಆ ದಿನ ಮಗುವಿನ ಪಕ್ಕದಲ್ಲಿ ಯಾರೂ ಇರುವುದಿಲ್ಲ. ನನ್ನ ದೂರು ಇಷ್ಟೇ.

ಫಲಿತಾಂಶ ಬರುವುದು ಬೇಸಿಗೆ ರಜೆಯಲ್ಲಿ. ಶಾಲೆಗೆ ಬೀಗ. ಬೇರೆ ಜಿಲ್ಲೆಯ ಶಿಕ್ಷಕರು ತಮ್ಮ ಊರಿಗೆ ಹೋಗಿರುತ್ತಾರೆ. ಮಕ್ಕಳು ಕಂಪ್ಯೂಟರ್ ಅಂಗಡಿಯ ಮುಂದೆ, ಇಲ್ಲವೇ ನೆಟ್ ಇರುವ ಒಂದು ಫೋನಿನ ಸುತ್ತ ಗುಂಪುಗೂಡುತ್ತಾರೆ. ಒಬ್ಬ ಹುಡುಗ ಎಲ್ಲರ ನಂಬರ್ ಹಾಕಿ ಜೋರಾಗಿ ಓದುತ್ತಾನೆ. ಒಂದು ಮಗು ಫೇಲಾದ ಸುದ್ದಿ ಮನೆಗೆ ಮುಟ್ಟುವ ಮೊದಲು ಓಣಿಗೆ ಮುಟ್ಟಿರುತ್ತದೆ. ನಮ್ಮ ಕಡೆ ಎಷ್ಟೋ ಮಕ್ಕಳ ಅಪ್ಪ ಅಮ್ಮ ಊರಲ್ಲೇ ಇರುವುದಿಲ್ಲ. ಗುಳೆ ಹೋಗಿರುತ್ತಾರೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕಟ್ಟಡದ ಕೆಲಸ. ಮನೆಯಲ್ಲಿ ಅಜ್ಜಿ, ತಮ್ಮ, ತಂಗಿ. ಆ ಮಗು ಅಳುತ್ತಾ ಯಾರ ಹತ್ತಿರ ಹೋಗಬೇಕು?

ಫೇಲಾದ ಹುಡುಗರಲ್ಲಿ ಹಲವರು ಅದೇ ವಾರ ಬೆಂಗಳೂರಿನ ರೈಲು ಹತ್ತುತ್ತಾರೆ. ಮೇಸ್ತ್ರಿ ಜೊತೆ ಗಾರೆ ಕೆಲಸಕ್ಕೆ. ಒಮ್ಮೆ ಕೈಗೆ ಕೂಲಿ ಬಂದ ಮೇಲೆ ಎರಡನೇ ಪರೀಕ್ಷೆಯ ಮಾತು ಅವರಿಗೆ ಹತ್ತುವುದಿಲ್ಲ.

ಹುಡುಗಿಯರ ಪಾಡು ಬೇರೆ. ಅದೇ ವರ್ಷ ಬಸವ ಜಯಂತಿ, ಅಕ್ಷಯ ತೃತೀಯ ಬಂದದ್ದು ಏಪ್ರಿಲ್ 30ಕ್ಕೆ. ಫಲಿತಾಂಶ ಬಂದದ್ದು ಮೇ 2ಕ್ಕೆ. ನಮ್ಮ ಕಡೆ ಅದು ಮದುವೆ ಕಾಲ. ಹತ್ತನೇ ತರಗತಿ ಮುಗಿಸಿದ ಹುಡುಗಿಗೆ ಹದಿನೈದು, ಹದಿನಾರು ವರ್ಷ. ಪರೀಕ್ಷೆ ಹತ್ತಿರ ಬಂದಾಗ ಹುಡುಗಿಯರು ನನ್ನ ಹತ್ತಿರ ಬಂದು ಹೇಳುವ ಮಾತು ಒಂದೇ: "ಫೇಲ್ ಆದ್ರ ಮದಿವಿ ಮಾಡ್ತಾರ್ರೀ ಟೀಚರ್." ಅವರಿಗೆ ಪರೀಕ್ಷೆಯ ಭಯ ಅಂದರೆ ಅದೇ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದೆ. ನಮ್ಮ ರಾಜ್ಯ ಅದಕ್ಕೆ ತಿದ್ದುಪಡಿ ತಂದು ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಅಂತ ಮಾಡಿದೆ. ಕಾನೂನು ಗಟ್ಟಿಯಾಗಿದೆ. ಆದರೆ ಫಲಿತಾಂಶ ಬಂದ ರಾತ್ರಿ ಮನೆಯ ಜಗಲಿಯಲ್ಲಿ ಮಾತುಕತೆ ನಡೆಯುವಾಗ ಆ ಹುಡುಗಿಯ ಪರ ಮಾತಾಡಲು ಒಬ್ಬರೂ ಇರುವುದಿಲ್ಲ.

ಇನ್ನು ಕೆಲವು ಮಕ್ಕಳು ಬದುಕೇ ಬೇಡ ಅಂದುಕೊಳ್ಳುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಎಲ್ಲದಕ್ಕೂ ಫಲಿತಾಂಶ ಕಾರಣ ಅಂತ ನಾನು ಹೇಳುವುದಿಲ್ಲ. ಒಂದು ಸಾವಿನ ಹಿಂದೆ ಹತ್ತಾರು ನೋವುಗಳಿರುತ್ತವೆ. ಆದರೆ ಮೊದಲೇ ಸೋತು ಕೂತ ಮಗುವಿಗೆ ಆ ಮಧ್ಯಾಹ್ನ ಎಷ್ಟು ಭಾರವಾಗುತ್ತದೆ ಅನ್ನುವುದು ಪಾಠ ಮಾಡುವ ಎಲ್ಲರಿಗೂ ಗೊತ್ತು.

ಕಳೆದ ವರ್ಷ ನಮ್ಮ ತರಗತಿಯ ಒಬ್ಬ ಹುಡುಗಿ ಗಣಿತ ಮತ್ತು ಇಂಗ್ಲಿಷಿನಲ್ಲಿ ಫೇಲಾದಳು. ಅಪ್ಪ ಅಮ್ಮ ಬೆಂಗಳೂರಲ್ಲಿ. ಮಧ್ಯಾಹ್ನ ಮನೆಯಿಂದ ಹೊರಟವಳು ಸಂಜೆಯಾದರೂ ಬರಲಿಲ್ಲ. ಹೋಗುವಾಗ ಗೆಳತಿಗೆ "ನನ್ನ ಹುಡುಕಬ್ಯಾಡ್ರಿ" ಅಂದಿದ್ದಳು. ಆ ಗೆಳತಿ ಹೆದರಿ, ಅಣ್ಣನ ಫೋನ್ ಇಸಿದುಕೊಂಡು ನನಗೆ ಫೋನ್ ಮಾಡಿದಳು. ನಾನು ಊರಿನ ಇಬ್ಬರು ಹಳೆಯ ವಿದ್ಯಾರ್ಥಿಗಳಿಗೆ ಹೇಳಿದೆ. ಅವರು ಬೈಕ್ ಹತ್ತಿ ಹೊಲ, ಬಾವಿ, ಬಸ್ ಸ್ಟ್ಯಾಂಡ್ ಎಲ್ಲ ಹುಡುಕಿದರು. ರಾತ್ರಿ ಹೊತ್ತಿಗೆ ಪಕ್ಕದೂರಿನ ಸೋದರತ್ತೆ ಮನೆಯಲ್ಲಿ ಇದ್ದಾಳೆ ಅಂತ ಗೊತ್ತಾಯಿತು. ಅವಳ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಅಕ್ಕೋರೇ, ಇಷ್ಟ್ ಮಂದಿ ಸಾಲಿ ನಡಸ್ತೀರಿ, ಒಬ್ರರ ಬಂದು ಹೇಳಬಾರದೇನ್ರಿ" ಅಂದರು. ಆ ಹುಡುಗಿ ಮುಂದಿನ ಪರೀಕ್ಷೆಗಳನ್ನು ಬರೆದು ಪಾಸಾದಳು. ಈಗ ಪಿಯುಸಿ ಓದುತ್ತಿದ್ದಾಳೆ. ಆದರೆ ಅವಳನ್ನು ಹುಡುಕುವುದು, ಅವಳ ಮನೆಗೆ ಹೋಗುವುದು ಯಾರ ಕೆಲಸವೂ ಆಗಿರಲಿಲ್ಲ. ಗೆಳತಿ ಹೆದರದೆ ಸುಮ್ಮನಿದ್ದಿದ್ದರೆ ನಮಗೆ ವಿಷಯವೇ ಗೊತ್ತಾಗುತ್ತಿರಲಿಲ್ಲ.

ಸಚಿವರೇ, ಪರೀಕ್ಷೆಗೆ ಮೊದಲು ಇದೇ ವ್ಯವಸ್ಥೆ ಎಷ್ಟು ಚುರುಕಾಗಿರುತ್ತದೆ ನೋಡಿ. ಜನವರಿಯಿಂದ ವಿಶೇಷ ತರಗತಿ, ರಾತ್ರಿ ಓದು, ಮನೆ ಭೇಟಿ. ನಿಧಾನ ಕಲಿಕೆಯ ಮಕ್ಕಳನ್ನು ಶಿಕ್ಷಕರಿಗೆ ದತ್ತು ಕೊಡುತ್ತಾರೆ. ಮುಂಜಾನೆ ಐದಕ್ಕೆ ಮಕ್ಕಳಿಗೆ ಫೋನ್ ಮಾಡಿ ಓದಲು ಎಬ್ಬಿಸಬೇಕು ಅಂತ ಎಷ್ಟೋ ಕಡೆ ಸೂಚನೆ ಬರುತ್ತದೆ. ನಾವು ಎಬ್ಬಿಸುತ್ತೇವೆ. ಪ್ರತಿ ಮಗುವಿನ ಮನೆಯ ನಂಬರ್ ನಮ್ಮ ಹತ್ತಿರ ಇದೆ, ಇಲಾಖೆಯ ವಿದ್ಯಾರ್ಥಿ ದಾಖಲೆಯ ಜಾಲತಾಣ ಎಸ್‌ಎಟಿಎಸ್‌ನಲ್ಲೂ ಇದೆ. ಶೇಕಡಾವಾರು ಏರಿಸಲು ಬೆಳಗಿನ ಜಾವ ಫೋನ್ ಮಾಡಿಸುವ ಇಲಾಖೆ, ಆ ಮಗು ಫೇಲಾದ ದಿನ ಅದೇ ನಂಬರಿಗೆ ಒಂದು ಫೋನ್ ಮಾಡಿ ಅಂತ ನಮಗೆ ಯಾಕೆ ಹೇಳುವುದಿಲ್ಲ?

ನನ್ನ ಮೊದಲ ಮತ್ತು ಮುಖ್ಯ ಬೇಡಿಕೆ ಇಲ್ಲೇ ಇದೆ. ಫಲಿತಾಂಶ ವೆಬ್‌ಸೈಟಿಗೆ ಬರುವ ಕೆಲವು ಗಂಟೆ ಮೊದಲು, ಪ್ರತಿ ಶಾಲೆಯ ಮುಖ್ಯ ಶಿಕ್ಷಕರ ಲಾಗಿನ್‌ಗೆ ಆ ಶಾಲೆಯ ಫೇಲಾದ ಮಕ್ಕಳ ಹೆಸರು ಮಾತ್ರ ಬರಲಿ. ಅಂಕ ಬೇಡ, ವಿಷಯ ಬೇಡ. ಹೆಸರು ಸಾಕು. ಒಬ್ಬೊಬ್ಬ ಶಿಕ್ಷಕರು ಐದಾರು ಮಕ್ಕಳನ್ನು ಹಂಚಿಕೊಂಡರೆ, ಫಲಿತಾಂಶ ಬರುವ ಹೊತ್ತಿಗೆ ಅವರ ಮನೆಯಲ್ಲಿ ಇರಬಹುದು. ಇಲ್ಲವೇ ಕನಿಷ್ಠ ಫೋನಿನಲ್ಲಿ ಸಿಗಬಹುದು. ದೂರದಲ್ಲಿರುವ ಅಪ್ಪನಿಗೆ ಫೋನ್ ಮಾಡಿ, "ಮಗಳಿಗೆ ಈಗ ಬೈಬೇಡಿ, ಇವತ್ತು ಅವಳ ಜೊತೆ ಸಮಾಧಾನದಿಂದ ಮಾತಾಡಿ" ಅಂತ ಹೇಳಬಹುದು. ಆ ಮಾತನ್ನು ಅಪ್ಪನಿಗೆ ಶಾಲೆಯಿಂದ ಹೇಳಿದರೆ ಅದರ ತೂಕವೇ ಬೇರೆ.

ಗುಟ್ಟು ಬಯಲಾಗುತ್ತದೆ ಅನ್ನುವ ಆಕ್ಷೇಪ ಬರುತ್ತದೆ, ಗೊತ್ತು. ಆದರೆ ನಮ್ಮನ್ನು ನಂಬಿ ಪ್ರಶ್ನೆಪತ್ರಿಕೆಯ ಬಂಡಲ್‌ಗಳನ್ನೇ ಕೊಡುತ್ತೀರಿ. ಲಕ್ಷಾಂತರ ಉತ್ತರ ಪತ್ರಿಕೆ ತಿದ್ದಿಸುತ್ತೀರಿ. ಎರಡು ಮೂರು ಗಂಟೆ ಒಂದು ಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಳ್ಳುವುದನ್ನೂ ನಂಬಬಹುದು ಅಲ್ವಾ? ಒಂದೆರಡು ಕಡೆ ಸ್ವಲ್ಪ ಮೊದಲೇ ಸುದ್ದಿ ಹೊರಬಿದ್ದರೂ ಅದರಿಂದ ಯಾವ ಮಗುವಿನ ಅಂಕವೂ ಬದಲಾಗುವುದಿಲ್ಲ.

ನೆರೆಯ ತಮಿಳುನಾಡಿನಲ್ಲಿ ಪ್ಲಸ್ ಟೂ ಫಲಿತಾಂಶದ ಹೊತ್ತಿಗೆ ಫೇಲಾದ ಮಕ್ಕಳಿಗೆ 104 ಸಹಾಯವಾಣಿಯಿಂದಲೇ ಕರೆ ಹೋದ ಉದಾಹರಣೆ ಇದೆ. ಮಗು ಫೋನ್ ಮಾಡಲಿ ಅಂತ ಕಾದು ಕೂರದೆ ಅವರೇ ಮಾಡಿದರು. ನಮ್ಮಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ 14416 ಟೆಲಿ ಮಾನಸ್ ಇದೆ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಮಕ್ಕಳಿಗಾಗಿ 1098 ಇದೆ. ಈ ನಂಬರ್‌ಗಳು ಒಳ್ಳೆಯವು, ನಾನು ನನ್ನ ಮಕ್ಕಳಿಗೆ ಬರೆಸಿದ್ದೇನೆ. ಆದರೆ ಸ್ವಂತ ಫೋನ್ ಇಲ್ಲದ, ಅಪರಿಚಿತರ ಜೊತೆ ಎಂದೂ ಮಾತಾಡಿರದ ಹಳ್ಳಿಯ ಹುಡುಗಿ ಆ ಹೊತ್ತಿನಲ್ಲಿ ತಾನಾಗಿ ಫೋನ್ ಮಾಡುವುದು ಕಡಿಮೆ. ಅವಳ ಕಡೆಗೆ ನಾವೇ ಹೋಗಬೇಕು. ಫಲಿತಾಂಶದ ಪುಟದಲ್ಲಿ ಅಂಕಗಳ ಕೆಳಗೇ ಎರಡನೇ ಪರೀಕ್ಷೆಯ ದಿನಾಂಕ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಕೊನೆಯ ದಿನ, ಈ ಎರಡು ನಂಬರ್ ದೊಡ್ಡ ಅಕ್ಷರದಲ್ಲಿ ಇರಲಿ.

ಮರುಮೌಲ್ಯಮಾಪನದ ಮಾತು ಸುಮ್ನೆ ಎತ್ತಿಲ್ಲ. ನಮ್ಮ ಗಡಿಯಾಚೆಯ ತೆಲಂಗಾಣದಲ್ಲಿ 2019ರ ಏಪ್ರಿಲ್‌ನಲ್ಲಿ ಇಂಟರ್‌ಮೀಡಿಯೆಟ್ ಫಲಿತಾಂಶದಲ್ಲಿ ತಪ್ಪುಗಳಾದವು. ಆ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡರು. ಫೇಲಾದವರ ಪತ್ರಿಕೆಗಳನ್ನು ಮತ್ತೆ ನೋಡಿದಾಗ ಸಾವಿರಕ್ಕೂ ಹೆಚ್ಚು ಮಕ್ಕಳು ಪಾಸಾಗಿದ್ದರು. ಯಂತ್ರ ತಪ್ಪಬಹುದು, ತಿದ್ದಿದವರು ತಪ್ಪಬಹುದು. ಆದ್ದರಿಂದ ಪರದೆಯ ಮೇಲೆ ಬಂದದ್ದೇ ಕೊನೆಯ ಮಾತಲ್ಲ ಅಂತ ಮಗುವಿಗೆ ಅದೇ ಪರದೆ ಹೇಳಬೇಕು.

ಫಲಿತಾಂಶದ ದಿನ ಮತ್ತು ಮುಂದಿನ ಒಂದು ವಾರ ಪ್ರೌಢಶಾಲೆಗಳು ತೆರೆದಿರಲಿ. ಶಿಕ್ಷಕರಿಗೆ ಅದು ಕರ್ತವ್ಯ ಅಂತ ಲೆಕ್ಕವಾಗಲಿ, ಅದಕ್ಕೆ ತಕ್ಕ ಗಳಿಕೆ ರಜೆ ಸಿಗಲಿ. ರಜೆಯಲ್ಲಿ ಶಾಲೆ ತೆರೆಯುವುದು ನಮಗೆ ಹೊಸದೇನಲ್ಲ. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಿಡೀ ಬಿಸಿಯೂಟ ಬಡಿಸಿದ್ದೇವೆ. ಮತ್ತೊಂದು ಸಣ್ಣ ಮಾತು. ಶುಕ್ರವಾರ ಫಲಿತಾಂಶ ಕೊಟ್ಟರೆ ಹಿಂದೆಯೇ ಶನಿವಾರ, ಭಾನುವಾರ ಬರುತ್ತವೆ. ಕಚೇರಿ, ಆಸ್ಪತ್ರೆ, ಯಾವುದೂ ಪೂರ್ತಿ ಕೈಗೆ ಸಿಗುವುದಿಲ್ಲ. ಸೋಮವಾರವೋ ಮಂಗಳವಾರವೋ ಬೆಳಿಗ್ಗೆ ಕೊಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಇನ್ನು ಆಪ್ತ ಸಮಾಲೋಚಕರ ವಿಷಯ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ತೀರ್ಪು ಕೊಟ್ಟು, ಇಡೀ ದೇಶಕ್ಕೆ ಅನ್ವಯಿಸುವ 15 ಮಾರ್ಗಸೂಚಿಗಳನ್ನು ಹೊರಡಿಸಿತು. ನೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ತರಬೇತಾದ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಬೇಕು. ಅದಕ್ಕಿಂತ ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಎಲ್ಲ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು. ಇದನ್ನು ಓದಿದ ದಿನ ನನಗೆ ನಿಜವಾಗಿ ಖುಷಿಯಾಯಿತು. ಆದರೆ ನಮ್ಮ ಕಡೆಯ ಶಾಲೆಗಳಲ್ಲಿ ಗಣಿತ, ಇಂಗ್ಲಿಷ್ ಕಲಿಸುವವರ ಹುದ್ದೆಯೇ ಖಾಲಿ ಇರುವಾಗ ಸಮಾಲೋಚಕರು ಯಾವಾಗ ಬರುತ್ತಾರೆ? ಎಲ್ಲ ಶಾಲೆಗೂ ಒಮ್ಮೆಲೇ ಕೊಡಲು ಆಗುವುದಿಲ್ಲ ಅಂದರೆ ಅರ್ಥ ಮಾಡಿಕೊಳ್ಳುತ್ತೇನೆ. ಶುರುವಿಗೆ ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪಿಗೆ, ಒಬ್ಬರನ್ನು ಕೊಡಿ. ಫಲಿತಾಂಶ ಕಡಿಮೆ ಬಂದ ಜಿಲ್ಲೆಗಳಿಂದ ಶುರು ಮಾಡಿ. ಇರುವ ಶಿಕ್ಷಕರಲ್ಲಿ ಒಬ್ಬರನ್ನು ನೋಡಲ್ ಅಂತ ಹೆಸರಿಸಿ, ಇನ್ನೊಂದು ಫೈಲ್ ಕೈಗೆ ಕೊಟ್ಟು ಮುಗಿಸಬೇಡಿ. ನಾನು ಬೀಜಗಣಿತ ಹೇಳಿಕೊಡಬಲ್ಲೆ. ಸಾಯುವ ಮಾತಾಡುವ ಮಗುವಿನ ಜೊತೆ ಹೇಗೆ ಮಾತಾಡಬೇಕು ಅಂತ ನಮಗೆ ಬಿ.ಇಡಿ.ಯಲ್ಲಿ ಯಾರೂ ಕಲಿಸಿಲ್ಲ.

ಅವರು ಬರುವ ತನಕ ನಮಗೆ ಒಂದು ಪುಟ ಬೇಕು. ಸರಳ ಕನ್ನಡದಲ್ಲಿ, ಏನು ಮಾಡಬೇಕು ಅಂತ ಹೇಳುವ ಒಂದೇ ಪುಟ. ಮಗುವನ್ನು ಒಂಟಿಯಾಗಿ ಬಿಡಬೇಡಿ. "ಸಾಯಬೇಕು ಅನಿಸ್ತಿದೆಯಾ" ಅಂತ ನೇರವಾಗಿ ಕೇಳಬಹುದು, ಹಾಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಮನೆಯ ಒಬ್ಬ ದೊಡ್ಡವರಿಗೆ ತಿಳಿಸಿ. ಮಗುವಿನ ಮುಂದೆಯೇ 14416ಕ್ಕೆ ಫೋನ್ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ, ತುರ್ತಾದರೆ ಮಂಗಳವಾರದ ತನಕ ಕಾಯದೆ ಯಾವ ಆಸ್ಪತ್ರೆಗಾದರೂ ಹೋಗಿ. ನಮ್ಮ ಹಳ್ಳಿಗಳಲ್ಲಿ ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ, ಸಾಯಲು ಪ್ರಯತ್ನಿಸಿದ ಮಗುವನ್ನು ಮನೆಯಲ್ಲೇ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನು ಶಿಕ್ಷಿಸಬಾರದು, ಆರೈಕೆ ಮಾಡಬೇಕು ಅನ್ನುತ್ತದೆ. ಆತ್ಮಹತ್ಯೆ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಕಲಂ ಹೊಸ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಈ ಒಂದು ವಿಷಯ ಪ್ರತಿ ಮನೆಗೆ ಗೊತ್ತಾದರೆ ಎಷ್ಟೋ ಮಕ್ಕಳು ಸರಿಯಾದ ಹೊತ್ತಿಗೆ ಡಾಕ್ಟರ್ ಹತ್ತಿರ ಹೋಗುತ್ತಾರೆ.

ಫೇಲಾದ ಹುಡುಗಿಯರ ಮನೆಗಳಿಗೆ ಆ ವಾರ ಶಿಕ್ಷಕಿ, ಅಂಗನವಾಡಿ ಕಾರ್ಯಕರ್ತೆ ಜೊತೆಯಾಗಿ ಹೋಗಲಿ. ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಇದನ್ನು ಲಿಖಿತವಾಗಿ ತಿಳಿಸಿ. ದಾಳಿ ಮಾಡುವ ಹಾಗೆ ಹೋಗುವುದು ಬೇಡ. ಎರಡನೇ ಪರೀಕ್ಷೆಯ ಅರ್ಜಿ ಕೈಯಲ್ಲಿ ಹಿಡಿದು ಹೋಗಬೇಕು. ಮದುವೆ ನಿಲ್ಲಿಸಿ ಅಂತ ಬರೀ ಹೇಳಿದರೆ ಅಪ್ಪ ಕೇಳುವುದಿಲ್ಲ. ಮೂರು ವಾರದಲ್ಲಿ ಮತ್ತೆ ಪರೀಕ್ಷೆ ಇದೆ, ಅಲ್ಲಿಯ ತನಕ ನಾವು ಪಾಠ ಹೇಳುತ್ತೇವೆ ಅಂದರೆ ಕೇಳಿಸಿಕೊಳ್ಳುತ್ತಾನೆ. 2025ರಲ್ಲಿ ಪರೀಕ್ಷೆ-2 ಮೇ 26ಕ್ಕೇ ಶುರುವಾಯಿತು. ಆ ಅವಕಾಶ ಎಷ್ಟು ಹತ್ತಿರದಲ್ಲಿದೆ ಅಂತ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಪದ್ಧತಿ ತಂದದ್ದು ನಿಮ್ಮ ಇಲಾಖೆಯ ಒಳ್ಳೆಯ ಕೆಲಸ. ಅದು ಮಗುವಿನ ಮನೆ ಬಾಗಿಲಿಗೆ ಮುಟ್ಟಬೇಕು.

ಜಿಲ್ಲೆಗಳ ಸ್ಥಾನದ ಪಟ್ಟಿ, ಶೂನ್ಯ ಫಲಿತಾಂಶದ ಶಾಲೆಗಳ ಲೆಕ್ಕ ಇವೆಲ್ಲ ಅದೇ ಪತ್ರಿಕಾಗೋಷ್ಠಿಯಲ್ಲಿ ಬರಬೇಕಾ? ಅದರ ಹಿಂದೆಯೇ ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್ ಬರುತ್ತದೆ. ನೋಟಿಸ್ ಹಿಡಿದು ಕೂತ ಶಿಕ್ಷಕರಿಗೆ ಫೇಲಾದ ಮಗು ತಮ್ಮ ಮರ್ಯಾದೆ ಕಳೆದವರ ಹಾಗೆ ಕಾಣತೊಡಗುತ್ತದೆ. ಇದನ್ನು ನಾನು ಸಹೋದ್ಯೋಗಿಗಳ ಮುಖದಲ್ಲಿ ನೋಡಿದ್ದೇನೆ. ಅವರು ಕೆಟ್ಟವರಲ್ಲ, ಹೆದರಿದವರು. ಶಾಲೆಗಳಿಂದ ಲೆಕ್ಕ ಕೇಳಿ, ಖಂಡಿತ ಕೇಳಿ. ಆದರೆ ಮೊದಲ ಎರಡು ವಾರ ಬಿಟ್ಟುಬಿಡಿ. ಆ ಎರಡು ವಾರ ಮಕ್ಕಳದ್ದಾಗಲಿ. ನೋಟಿಸಿನ ಜೊತೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ಫೇಲಾದ ಮಕ್ಕಳಲ್ಲಿ ಎಷ್ಟು ಜನರನ್ನು ಮಾತಾಡಿಸಿದಿರಿ, ಎಷ್ಟು ಜನರನ್ನು ಮುಂದಿನ ಪರೀಕ್ಷೆಗೆ ಕೂರಿಸಿದಿರಿ?

2025-26ನೇ ಸಾಲಿನಿಂದ ಪಾಸಾಗಲು ಒಟ್ಟು ಶೇಕಡಾ 33 ಸಾಕು, ಪ್ರತಿ ವಿಷಯದಲ್ಲಿ ಕನಿಷ್ಠ 30 ಇರಬೇಕು ಅಂತ ಮಾಡಿದ್ದೀರಿ. ಇದರಿಂದ ಸಾವಿರಾರು ಮಕ್ಕಳಿಗೆ ಉಸಿರು ಬರುತ್ತದೆ. ಆದರೆ ಗೆರೆ ಎಲ್ಲಿ ಎಳೆದರೂ ಅದರ ಕೆಳಗೆ ಮಕ್ಕಳು ಇದ್ದೇ ಇರುತ್ತಾರೆ. ನಿನ್ನೆ 34 ತೆಗೆದ ಮಗು ಇತ್ತು, ನಾಳೆ 29 ತೆಗೆದ ಮಗು ಇರುತ್ತದೆ. ನಾನು ಈ ಪತ್ರ ಬರೆಯುತ್ತಿರುವುದು ಆ ಮಗುವಿಗಾಗಿ.

ಪಟ್ಟಿ ಮೊದಲೇ ಶಾಲೆಗೆ ಬರುವುದು, ಸೋಮವಾರದ ಫಲಿತಾಂಶ, ತೆರೆದ ಶಾಲೆ, ಒಂದು ಪುಟದ ಕೈಪಿಡಿ. ಇವಿಷ್ಟನ್ನೂ ಈ ವರ್ಷವೇ ಒಂದು ಸುತ್ತೋಲೆಯಲ್ಲಿ ಮಾಡಬಹುದು. ಸಮಾಲೋಚಕರ ನೇಮಕಕ್ಕೆ ಬಜೆಟ್ ಬೇಕು, ಅದಕ್ಕೆ ಯಾವ ತಿಂಗಳೊಳಗೆ ಏನು ಮಾಡುತ್ತೀರಿ ಅಂತ ತಿಳಿಸಿ. ಸುತ್ತೋಲೆ ಉತ್ತರ ಪತ್ರಿಕೆಗಳ ಮೌಲ್ಯಮಾಪನ ಶುರುವಾಗುವ ಮೊದಲು ಬಂದರೆ ಅನುಕೂಲ. ರಜೆಗೆ ಊರು ಬಿಡುವ ಮುಂಚೆ ಯಾವ ಮಗುವಿನ ಮನೆಗೆ ಯಾರು ಹೋಗಬೇಕು ಅಂತ ನಾವು ಶಿಕ್ಷಕರು ಕೂತು ಹಂಚಿಕೊಳ್ಳುತ್ತೇವೆ. ನಮ್ಮ ಶಾಲೆಯಲ್ಲಿ ಈ ಬಗ್ಗೆ ಮಾತಾಡಿಕೊಂಡಿದ್ದೇವೆ, ಎಲ್ಲರೂ ಒಪ್ಪಿದ್ದಾರೆ. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಹತ್ತನೇ ತರಗತಿಯ ಒಬ್ಬ ಗಣಿತ ಶಿಕ್ಷಕಿ,
ಸರ್ಕಾರಿ ಪ್ರೌಢಶಾಲೆ, ಕಲಬುರಗಿ ಜಿಲ್ಲೆ.